ಆರಿಸಿದ ಮೇಲೂ ಆರದ ಬಿಸಿ

ಫುಕುಶಿಮಾ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಸುನಾಮಿಯ ಅಲೆ, ಇಲ್ಲವೇ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದ ಆ ಸ್ಫೋಟ. ನನಗೆ ನೆನಪಾಗುವುದು ಎರಡು ನೀರಿನ ಟ್ಯಾಂಕ್. ಜಪಾನಿನ ಆ ಅಣು ಸ್ಥಾವರದ ಒಂದನೇ ಯುನಿಟ್ಟಿನ ರಿಯಾಕ್ಟರ್ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವು ಇದ್ದವು. ಅಪಘಾತವಾಗಿ ಏಳು ತಿಂಗಳಾದ ಮೇಲೆ, 2011ರ ಅಕ್ಟೋಬರಿನಲ್ಲಿ, ಕೆಲಸಗಾರರು ಅಲ್ಲಿಗೆ ಹೋಗಿ ನೀರಿನ ಮಟ್ಟ ನೋಡಿದರು. ಮಾಮೂಲಿಯಾಗಿ ಎರಡರಲ್ಲೂ ಶೇಕಡಾ 80ರಷ್ಟು ನೀರಿರಬೇಕು. ಎ ಟ್ಯಾಂಕಿನಲ್ಲಿ 65 ಇತ್ತು. ಬಿ ಟ್ಯಾಂಕಿನಲ್ಲಿ 85. ಅಂದರೆ ರಿಯಾಕ್ಟರಿನ ಇಂಧನ ಕರಗಿ ಹೋದ ಆ ರಾತ್ರಿ, ಅದನ್ನು ತಣ್ಣಗಿಡಲೆಂದೇ ಮೇಲೆ ತುಂಬಿಟ್ಟಿದ್ದ ನೀರು ಹೆಚ್ಚುಕಮ್ಮಿ ಹಾಗೇ ಉಳಿದಿತ್ತು.

ಇದನ್ನು ಮೊದಲು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅದರಲ್ಲೂ ಹೀಟ್ ಟ್ರಾನ್ಸ್‌ಫರ್ ಅಂದರೆ ಇಷ್ಟ. ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ, ದಾರಿಯಲ್ಲಿ ಏನು ಅಡ್ಡ ಬರುತ್ತದೆ, ಇಷ್ಟೇ ಆ ವಿಷಯ. ಫುಕುಶಿಮಾದ ಕಥೆಯನ್ನೂ ಹಾಗೇ ನೋಡಬಹುದು. ಬಿಸಿ ಇತ್ತು, ಅದನ್ನು ಹೊರಗೆ ಒಯ್ಯುವ ದಾರಿಯೂ ಇತ್ತು. ದಾರಿಯಲ್ಲಿ ಕೆಲವು ವಾಲ್ವ್ ಮುಚ್ಚಿದ್ದವು, ಮುಚ್ಚಿವೆ ಅನ್ನುವುದು ಗಂಟೆಗಟ್ಟಲೆ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಮೊದಲು ಬಿಸಿಯ ವಿಚಾರ. ಭೂಕಂಪವಾದದ್ದು ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ. ಅವತ್ತು ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಅಣು ಒಡೆಯುವ ಸರಪಳಿ ಕ್ರಿಯೆ ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಆದರೆ ಅಷ್ಟು ವರ್ಷ ಅಣು ಒಡೆದು ಹುಟ್ಟಿದ ಚೂರುಗಳು ಇಂಧನದ ಒಳಗೇ ಇರುತ್ತವಲ್ಲ, ಅವು ವಿಕಿರಣ ಸೂಸುತ್ತಾ ಬಿಸಿ ಕೊಡುತ್ತಲೇ ಇರುತ್ತವೆ. ಅದನ್ನು ಯಾವ ಸ್ವಿಚ್ಚೂ ನಿಲ್ಲಿಸಲಾರದು. ಒಂದನೇ ಯುನಿಟ್ಟಿನ ಪೂರ್ತಿ ಶಾಖದ ಸಾಮರ್ಥ್ಯ 1380 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇಕಡಾ 6ರಿಂದ 7ರಷ್ಟು ಉಳಿದಿರುತ್ತದೆ, ಅಂದರೆ ಸುಮಾರು 90 ಮೆಗಾವ್ಯಾಟ್. ಒಂದು ಗಂಟೆಯಲ್ಲಿ ಅದು 20ರ ಹತ್ತಿರ ಇಳಿಯುತ್ತದೆ, ಒಂದು ದಿನ ಕಳೆದರೆ 7ರ ಆಸುಪಾಸು. ಕಡಿಮೆ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. 7 ಮೆಗಾವ್ಯಾಟ್ ಅಂದರೆ ಗಂಟೆಗೆ ಸುಮಾರು 10 ಸಾವಿರ ಲೀಟರ್ ತಣ್ಣೀರನ್ನು ಕುದಿಸಿ ಪೂರ್ತಿ ಆವಿ ಮಾಡುವಷ್ಟು ಶಾಖ. ಹಗಲೂ ರಾತ್ರಿ, ಬಿಡುವಿಲ್ಲದೆ. ಅಷ್ಟು ನೀರು ಒಳಗೆ ಹೋಗುತ್ತಲೇ ಇರಬೇಕು, ಇಲ್ಲವೇ ಅಷ್ಟು ಶಾಖ ಬೇರೆ ದಾರಿಯಲ್ಲಿ ಹೊರಗೆ ಬರಬೇಕು.

ಫುಕುಶಿಮಾದವು ಕುದಿಯುವ ನೀರಿನ ರಿಯಾಕ್ಟರ್‌ಗಳು. ಹೆಸರೇ ಹೇಳುವ ಹಾಗೆ, ಇಂಧನ ಸರಳುಗಳ ಮೇಲೆಯೇ ನೀರು ಕುದಿಯುತ್ತದೆ, ಆ ಆವಿಯೇ ನೇರವಾಗಿ ಟರ್ಬೈನ್ ತಿರುಗಿಸುತ್ತದೆ. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 70 ಪಟ್ಟು. ಅಲ್ಲಿ ನೀರು ಕುದಿಯುವುದು 285 ಡಿಗ್ರಿಯ ಹತ್ತಿರ. ಕುದಿತ ಅನ್ನುವುದು ಬಿಸಿ ಸಾಗಿಸುವ ಕೆಲಸದಲ್ಲಿ ಬಹಳ ಗಟ್ಟಿಗ. ಸರಳಿನ ಮೈ ನೀರಿಗಿಂತ ಹತ್ತಿಪ್ಪತ್ತು ಡಿಗ್ರಿ ಜಾಸ್ತಿ ಬಿಸಿಯಿದ್ದರೆ ಸಾಕು, ಗುಳ್ಳೆಗಳು ಎದ್ದು ಎದ್ದು ಭಾರೀ ಪ್ರಮಾಣದ ಶಾಖವನ್ನು ಹೊತ್ತುಕೊಂಡು ಹೋಗುತ್ತವೆ. ಆದರೆ ಇದಕ್ಕೊಂದು ಮಿತಿ ಇದೆ.

ಆ ಮಿತಿಯನ್ನು ಅಳೆದು ತೋರಿಸಿದವರು ನುಕಿಯಾಮಾ ಶಿರೋ. 1934ರಲ್ಲಿ ಅವರು ನೀರಿನಲ್ಲಿ ಸಣ್ಣ ಲೋಹದ ತಂತಿ ಮುಳುಗಿಸಿ, ಅದಕ್ಕೆ ವಿದ್ಯುತ್ ಹರಿಸಿ, ತಂತಿ ಎಷ್ಟು ಬಿಸಿಯಾದರೆ ಎಷ್ಟು ಶಾಖ ನೀರಿಗೆ ಇಳಿಯುತ್ತದೆ ಎಂದು ನೋಡಿದರು. ಒಂದು ಹಂತದವರೆಗೆ ಶಾಖ ಏರುತ್ತಾ ಹೋಗುತ್ತದೆ. ಅದು ದಾಟಿದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ತಂತಿಯ ಸುತ್ತ ಆವಿಯ ಪದರವಾಗುತ್ತದೆ. ನೀರಿಗೂ ಲೋಹಕ್ಕೂ ಮುಟ್ಟುವುದೇ ತಪ್ಪಿಹೋಗುತ್ತದೆ, ತಂತಿಯ ಬಿಸಿ ಒಂದೇ ಸಲ ನೂರಾರು ಡಿಗ್ರಿ ಹಾರುತ್ತದೆ. ದೋಸೆ ಹೆಂಚು ವಿಪರೀತ ಕಾದಾಗ ಮೇಲೆ ಚಿಮುಕಿಸಿದ ನೀರು ಚುಂಯ್ ಅಂತ ಆರುವ ಬದಲು ಗುಂಡಗಾಗಿ ಓಡಾಡುತ್ತದಲ್ಲ, ಅದೇ ಇದು. ಹನಿಯ ಕೆಳಗೆ ಆವಿಯ ಹಾಸು ಇರುತ್ತದೆ. ನೀರು ಹತ್ತಿರದಲ್ಲೇ ಇದೆ, ಹೆಂಚು ಮಾತ್ರ ತಣಿಯುವುದಿಲ್ಲ. ನುಕಿಯಾಮಾ ಈ ಪ್ರಯೋಗ ಮಾಡಿದ್ದು ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ. ಅಪಘಾತವಾದ ಫುಕುಶಿಮಾ ದಾಯಿಚಿ ಸ್ಥಾವರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರ. ಜಗತ್ತಿನಲ್ಲಿ ನೀರಿನಿಂದ ತಣಿಸುವ ಪ್ರತಿಯೊಂದು ರಿಯಾಕ್ಟರಿನ ಸುರಕ್ಷತೆಯ ಲೆಕ್ಕ ಆ ತಂತಿಯ ಪ್ರಯೋಗಕ್ಕೆ ಋಣಿಯಾಗಿದೆ.

ರಿಯಾಕ್ಟರ್ ನಿಂತ ಮೇಲೆ ಆ ಮಿತಿ ದಾಟುವ ಭಯ ಅಷ್ಟಿಲ್ಲ. ಶಾಖ ಕಡಿಮೆಯಾಗಿರುತ್ತದೆ, ಸರಳುಗಳು ನೀರಲ್ಲಿ ಮುಳುಗಿದ್ದರೆ ಸಾಕು. ಭಯ ಇರುವುದು ನೀರಿನ ಮಟ್ಟ ಇಳಿದು ಸರಳುಗಳ ತಲೆ ಹೊರಗೆ ಬಂದಾಗ. ಕೆಳಗಿನಿಂದ ಏರುವ ಆವಿ ಸ್ವಲ್ಪ ಹೊತ್ತು ಅವನ್ನು ತಣಿಸುತ್ತದೆ. ಮಟ್ಟ ಇನ್ನೂ ಇಳಿದರೆ ಆವಿಯೂ ಕಡಿಮೆಯಾಗುತ್ತದೆ. ಸರಳಿನ ಕವಚ ಜಿರ್ಕೋನಿಯಂ ಮಿಶ್ರಲೋಹದ್ದು. ಸುಮಾರು 1200 ಡಿಗ್ರಿ ಮುಟ್ಟಿತು ಅಂದರೆ ಅದು ಆವಿಯ ಜೊತೆ ರಭಸದಿಂದ ಕೂಡಿಕೊಳ್ಳುತ್ತದೆ. ಆ ಕ್ರಿಯೆಯಿಂದ ಹೈಡ್ರೋಜನ್ ಹುಟ್ಟುತ್ತದೆ, ಮತ್ತೂ ಶಾಖ ಹುಟ್ಟುತ್ತದೆ, ಆ ಶಾಖದಿಂದ ಕ್ರಿಯೆ ಇನ್ನೂ ಜೋರಾಗುತ್ತದೆ. ಅಲ್ಲಿಂದ ಮುಂದೆ ಉಳಿಕೆ ಶಾಖಕ್ಕಿಂತ ಇದೇ ಹೆಚ್ಚಾಗಿಬಿಡುತ್ತದೆ. ಅಮೆರಿಕದಲ್ಲಿ 1972–73ರಲ್ಲಿ ತುರ್ತು ತಂಪು ವ್ಯವಸ್ಥೆಗಳ ಬಗ್ಗೆ ದೀರ್ಘ ವಿಚಾರಣೆ ನಡೆದು, ಕವಚದ ಬಿಸಿ 1204 ಡಿಗ್ರಿ ದಾಟಬಾರದು ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ. ಸರ್ಕಾರಿ ಪ್ರಯೋಗಾಲಯದ ಎಂಜಿನಿಯರುಗಳೇ ಆ ವಿಚಾರಣೆಯಲ್ಲಿ ಎದ್ದು ನಿಂತು, ನಮ್ಮ ಲೆಕ್ಕಗಳು ಸಾಕಷ್ಟು ಗಟ್ಟಿಯಿಲ್ಲ ಎಂದು ಹೇಳಿದ್ದರು. ಅವರ ಧೈರ್ಯದ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಮೇಲಿನಿಂದ ನೀರು ಸುರಿದರೆ ಆಯಿತಲ್ಲ ಅಂತ ಅನ್ನಿಸಬಹುದು. ಈ ರಿಯಾಕ್ಟರ್‌ಗಳಲ್ಲಿ ಹಾಗೆ ಸುರಿಯುವ ಸ್ಪ್ರೇ ಇದ್ದೇ ಇರುತ್ತದೆ. ಅದೂ ಸುಲಭದ ಕೆಲಸವಲ್ಲ. ಕಾದ ಸರಳುಗಳ ನಡುವಿನ ಇಕ್ಕಟ್ಟಿನಲ್ಲಿ ಆವಿ ಮೇಲಕ್ಕೆ ನುಗ್ಗುತ್ತಿರುತ್ತದೆ, ನೀರು ಕೆಳಕ್ಕೆ ಇಳಿಯಬೇಕು. ಆವಿ ಜೋರಾಗಿದ್ದರೆ ನೀರನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಇದನ್ನು ತಿಳಿಯಲು ರಿಯಾಕ್ಟರಿನ ಒಂದು ಹೋಳನ್ನೇ ನಿಜವಾದ ಅಳತೆಯಲ್ಲಿ ಕಟ್ಟಿ, ಆವಿ ಹಾಯಿಸಿ, ನೀರು ಸುರಿದು ನೋಡಿದ್ದಾರೆ. ಮೇಲೆ ನಿಂತ ನೀರು ಅಂಚಿನ ಕಡೆ ಹರಿದು, ಕಡಿಮೆ ಬಿಸಿ ಇರುವ ಸರಳಿನ ಕಟ್ಟುಗಳ ಮೂಲಕ ದಬದಬ ಅಂತ ಕೆಳಗಿಳಿದು, ಅಡಿಯಿಂದ ಮತ್ತೆ ತುಂಬಿಕೊಳ್ಳುತ್ತದೆ ಎಂದು ಗೊತ್ತಾಯಿತು. ಕಾಗದದ ಮೇಲೆ ಯಾರಿಗೂ ಹೊಳೆಯದ ದಾರಿಯನ್ನು ನೀರು ತಾನೇ ಹುಡುಕಿಕೊಂಡಿತ್ತು. ಇಂಥ ಪ್ರಯೋಗಗಳಿಗೆ ಎಷ್ಟು ದುಡ್ಡು ಸುರಿದರೂ ದಂಡ ಅಲ್ಲ ಅಂತ ನಾನು ನಂಬಿದ್ದೇನೆ.

ಈಗ ಆ ಎರಡು ಟ್ಯಾಂಕ್. ಒಂದನೇ ಯುನಿಟ್ ಹಳೆಯದು, 1971ರಲ್ಲಿ ಕೆಲಸ ಶುರು ಮಾಡಿದ್ದು. ಅದರಲ್ಲಿ ಐಸೊಲೇಶನ್ ಕಂಡೆನ್ಸರ್ ಎಂಬ ವ್ಯವಸ್ಥೆ ಇತ್ತು, ಎಲ್ಲರೂ ಐಸಿ ಅನ್ನುತ್ತಾರೆ. ಅದು ಎಷ್ಟು ಸರಳ ಅಂದರೆ ನನಗೆ ಬಹಳ ಇಷ್ಟ. ರಿಯಾಕ್ಟರಿನ ಆವಿ ತಾನಾಗಿ ಮೇಲೇರಿ, ನೀರಿನ ಟ್ಯಾಂಕಿನಲ್ಲಿ ಮುಳುಗಿರುವ ಕೊಳವೆಗಳ ಒಳಗೆ ಹೋಗುತ್ತದೆ. ಅಲ್ಲಿ ತಣಿದು ನೀರಾಗುತ್ತದೆ. ನೀರು ಭಾರ, ಹಾಗಾಗಿ ತಾನೇ ಇಳಿದು ರಿಯಾಕ್ಟರಿಗೆ ವಾಪಸ್ಸು ಬರುತ್ತದೆ. ಟ್ಯಾಂಕಿನ ನೀರು ಕುದಿದು ಗೋಡೆಯಲ್ಲಿರುವ ಎರಡು ತೂತಿನಿಂದ ಆವಿಯಾಗಿ ಆಚೆ ಹೋಗುತ್ತದೆ. ಅಲ್ಲಿಯ ಕೆಲಸಗಾರರು ಆ ತೂತುಗಳನ್ನು ಹಂದಿಮೂಗು ಅಂತ ಕರೆಯುತ್ತಿದ್ದರು. ಪಂಪು ಬೇಡ, ಮೋಟಾರು ಬೇಡ. ಎರಡು ಟ್ಯಾಂಕಿನ ನೀರು ಸುಮಾರು ಎಂಟು ಗಂಟೆಗೆ ಸಾಕು, ಆಮೇಲೆ ನೀರು ಸೇರಿಸುತ್ತಾ ಹೋದರೆ ಮುಂದೆಯೂ ಓಡುತ್ತದೆ.

ಭೂಕಂಪವಾದ ಆರು ನಿಮಿಷಕ್ಕೆ, 2:52ಕ್ಕೆ, ಐಸಿ ತಾನಾಗಿ ಶುರುವಾಯಿತು. ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ರಿಯಾಕ್ಟರ್ ತೀರಾ ಬೇಗ ತಣಿಯತೊಡಗಿತು. ದಪ್ಪ ಉಕ್ಕಿನ ಪಾತ್ರೆ ಹಾಗೆ ಒಮ್ಮೆಲೇ ತಣಿದರೆ ಅದಕ್ಕೆ ಪೆಟ್ಟು, ಗಂಟೆಗೆ 55 ಡಿಗ್ರಿಗಿಂತ ಜಾಸ್ತಿ ಇಳಿಸಬಾರದು ಎಂಬುದು ನಿಯಮ. ಹಾಗಾಗಿ ಆಪರೇಟರುಗಳು 3:03ಕ್ಕೆ ಅದನ್ನು ಮುಚ್ಚಿದರು. ಆಮೇಲೆ ಎ ಟ್ಯಾಂಕಿನ ಸಾಲಿನ ಒಂದು ವಾಲ್ವನ್ನು ತೆರೆಯುತ್ತಾ ಮುಚ್ಚುತ್ತಾ ಒತ್ತಡವನ್ನು ಹದದಲ್ಲಿಟ್ಟರು. ಅವರು ಮಾಡಿದ್ದು ಪೂರ್ತಿ ಸರಿ. ಕೊನೆಯ ಸಲ ಮುಚ್ಚಿದ್ದು 3:34ರ ಸುಮಾರಿಗೆ. ಕೆಲವೇ ನಿಮಿಷದಲ್ಲಿ ಸುನಾಮಿಯ ದೊಡ್ಡ ಅಲೆ ಬಂತು. ಡೀಸೆಲ್ ಜನರೇಟರ್ ಹೋದವು. ಒಂದನೇ ಯುನಿಟ್ಟಿನಲ್ಲಿ ಬ್ಯಾಟರಿಯೂ ಹೋಯಿತು. ಕಂಟ್ರೋಲ್ ರೂಮಿನಲ್ಲಿ ದೀಪಗಳು ಒಂದೊಂದಾಗಿ ಆರಿ ಕತ್ತಲಾಯಿತು. ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಹೇಳುವ ದೀಪವೂ ಇಲ್ಲ.

ಇಷ್ಟೇ ಆಗಿದ್ದರೆ ಒಂದು ವಾಲ್ವ್ ತೆರೆದರೆ ಸಾಕಿತ್ತು. ಆದರೆ ಐಸಿಯ ಕೊಳವೆ ಒಡೆದರೆ ರಿಯಾಕ್ಟರಿನ ಆವಿ ಹೊರಗೆ ಸೋರುತ್ತದೆ, ಅದನ್ನು ತಡೆಯಲು ಒಂದು ಕಾವಲು ಸರ್ಕ್ಯೂಟ್ ಇಟ್ಟಿದ್ದರು. ಆ ಸರ್ಕ್ಯೂಟಿಗೆ ವಿದ್ಯುತ್ ತಪ್ಪಿದರೆ ಅದು ಕೊಳವೆ ಒಡೆದಿದೆ ಎಂದೇ ಭಾವಿಸಿ ಎಲ್ಲ ವಾಲ್ವ್‌ಗಳಿಗೂ ಮುಚ್ಚಿಕೊಳ್ಳಲು ಹೇಳುತ್ತದೆ. ಅನುಮಾನ ಬಂದರೆ ಮುಚ್ಚು, ಅದೇ ಸುರಕ್ಷಿತ, ಅನ್ನುವ ಯೋಚನೆ. ರಿಯಾಕ್ಟರನ್ನು ಸುತ್ತುವರಿದ ಉಕ್ಕಿನ ಗೂಡಿನ ಒಳಗಿರುವ ವಾಲ್ವ್‌ಗಳು, ಆಮೇಲೆ ಯಾರೂ ಹೋಗಿ ಕೈಯಿಂದ ತಿರುಗಿಸಲಾಗದ ವಾಲ್ವ್‌ಗಳು, ಹೀಗೆ ಕರೆಂಟ್ ಹೋಗುವ ಹೊತ್ತಿನಲ್ಲಿ ಮುಚ್ಚುವ ಕಡೆ ತಿರುಗಿದವು. ಯಾವ ಯಂತ್ರಕ್ಕೆ ಕರೆಂಟೇ ಬೇಡವೋ, ಅದನ್ನು ಕರೆಂಟ್ ಹೋದದ್ದೇ ನಿಲ್ಲಿಸಿತು. ಇದನ್ನು ವಿನ್ಯಾಸ ಮಾಡಿದವರು ದಡ್ಡರಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಬೇರೆ ಅಪಘಾತ. ಎರಡು ಅಪಘಾತಕ್ಕೆ ಎರಡು ಬೇರೆ ಉತ್ತರ ಬೇಕಾದಾಗ ಯಾವುದನ್ನು ಆರಿಸುವುದು ಎಂಬ ಪ್ರಶ್ನೆಯನ್ನು ಯಾರೂ ಪಟ್ಟು ಹಿಡಿದು ಕೇಳಲಿಲ್ಲ, ನನ್ನ ಸಿಟ್ಟು ಅದರ ಮೇಲೆ.

ಇನ್ನೊಂದು ಸಂಗತಿ ಇದಕ್ಕಿಂತ ನೋವಿನದು. ಆ ಸರದಿಯಲ್ಲಿ ಇದ್ದವರಲ್ಲಿ ಯಾರೊಬ್ಬರೂ ಐಸಿ ನಿಜವಾಗಿ ಓಡುವುದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಪೂರ್ತಿ ಓಡುವಾಗ ಆ ಹಂದಿಮೂಗಿನಿಂದ ಆವಿ ಭೋರ್ಗರೆಯುತ್ತಾ ನುಗ್ಗಬೇಕು, ಸುತ್ತಲಿನವರಿಗೆಲ್ಲ ಕೇಳಬೇಕು. ಅವತ್ತು ಸಂಜೆ ಹೊರಗೆ ಹೋಗಿ ನೋಡಿದಾಗ ಕಂಡದ್ದು ಸಣ್ಣಗೆ ಏಳುತ್ತಿದ್ದ ಆವಿ. ಆವಿ ಇದೆ, ಹಾಗಾದರೆ ಓಡುತ್ತಿರಬೇಕು, ಅಂತ ಅಂದುಕೊಂಡರು. ಅಮೆರಿಕದ ಇಂಥ ಸ್ಥಾವರಗಳಲ್ಲಿ ಐಸಿಯನ್ನು ಆಗಾಗ ಓಡಿಸಿ ನೋಡುವ ರೂಢಿ ಇತ್ತು, ಅಲ್ಲಿಯ ಆಪರೇಟರುಗಳಿಗೆ ಆ ಸದ್ದು ಗೊತ್ತು. ಒಂದು ಸಲ ಕಿವಿಯಾರೆ ಕೇಳಿದ್ದರೆ ಆ ಸಂಜೆ ಬೇರೆಯಾಗಿರುತ್ತಿತ್ತೇನೋ.

6:18ಕ್ಕೆ ಬ್ಯಾಟರಿಗೆ ಸ್ವಲ್ಪ ಜೀವ ಬಂದು ಹಸಿರು ದೀಪ ಕಂಡಿತು, ವಾಲ್ವ್ ಮುಚ್ಚಿವೆ ಎಂದರ್ಥ. ತೆರೆದರು. ಸ್ವಲ್ಪ ಆವಿ ಬಂತು, ನಿಂತಿತು. ಟ್ಯಾಂಕಿನಲ್ಲಿ ನೀರು ಮುಗಿದಿದೆಯೇನೋ, ಖಾಲಿ ಟ್ಯಾಂಕಿನ ಕೊಳವೆಗೆ ಆವಿ ಬಿಟ್ಟರೆ ಒಡೆದೀತು, ಅಂತ ಏಳು ನಿಮಿಷಕ್ಕೆ ಮತ್ತೆ ಮುಚ್ಚಿದರು. ಆಗ ಟ್ಯಾಂಕಿನಲ್ಲಿ ಬೇಕಾದಷ್ಟು ನೀರಿತ್ತು. ನಂತರದ ಲೆಕ್ಕಗಳ ಪ್ರಕಾರ ಅಷ್ಟು ಹೊತ್ತಿಗೆ ಇಂಧನದ ತಲೆ ನೀರಿನಿಂದ ಹೊರಗೆ ಬರತೊಡಗಿತ್ತು. ಒಮ್ಮೆ ಹೈಡ್ರೋಜನ್ ಹುಟ್ಟಿದರೆ ಐಸಿಯ ಕಥೆ ಮುಗಿದ ಹಾಗೆ. ಹೈಡ್ರೋಜನ್ ತಣಿದು ನೀರಾಗುವುದಿಲ್ಲ. ಅದು ಕೊಳವೆಯೊಳಗೆ ಹೋಗಿ ಕೂತರೆ ಆವಿಗೆ ಲೋಹವನ್ನು ಮುಟ್ಟಲು ಜಾಗ ಸಿಗುವುದಿಲ್ಲ, ಹರಿವು ನಿಲ್ಲುತ್ತದೆ.

ರಾತ್ರಿ 9:19ಕ್ಕೆ ನೀರಿನ ಮಟ್ಟದ ಮಾಪಕ ಮತ್ತೆ ಓದಲು ಸಿಕ್ಕಿತು. ಇಂಧನದ ತಲೆಗಿಂತ 200 ಮಿಲಿಮೀಟರ್ ಮೇಲೆ ನೀರಿದೆ ಎಂದು ತೋರಿಸಿತು. ಎಲ್ಲರಿಗೂ ಎಷ್ಟು ನಿರಾಳವಾಗಿರಬೇಕು! ಅದು ಸುಳ್ಳು. ಆ ಮಾಪಕ ನೀರನ್ನು ನೇರವಾಗಿ ನೋಡುವುದಿಲ್ಲ. ಪಕ್ಕದಲ್ಲಿ ಯಾವಾಗಲೂ ತುಂಬಿರುವ ಒಂದು ಕೊಳವೆಯ ನೀರಿನ ತೂಕಕ್ಕೂ ರಿಯಾಕ್ಟರಿನ ನೀರಿನ ತೂಕಕ್ಕೂ ಇರುವ ವ್ಯತ್ಯಾಸವನ್ನು ಅಳೆಯುತ್ತದೆ. ಸುತ್ತ ಎಲ್ಲ ಕಾದು ಆ ಪಕ್ಕದ ಕೊಳವೆಯ ನೀರೇ ಆವಿಯಾಯಿತು. ವ್ಯತ್ಯಾಸ ಕಡಿಮೆಯಾಯಿತು. ಮಾಪಕ ಅದನ್ನು ನೀರು ಜಾಸ್ತಿ ಇದೆ ಎಂದು ಓದಿತು. ಸ್ಥಾವರದ ಮುಖ್ಯಸ್ಥ ಯೊಶಿದಾ ಮಸಾವೊ ಅವರಿಗೆ ಐಸಿ ನಿಂತಿದೆ ಎಂದು ಖಚಿತವಾದದ್ದು ಮಧ್ಯರಾತ್ರಿ ಹತ್ತಿರ, ರಿಯಾಕ್ಟರಿನ ಸುತ್ತಲಿನ ಆ ಗೂಡಿನ ಒತ್ತಡ ಮಿತಿ ಮೀರಿದ್ದು ಕಂಡಾಗ. ಮಾರನೆಯ ದಿನ ಮಧ್ಯಾಹ್ನ 3:36ಕ್ಕೆ ಕಟ್ಟಡದ ಮೇಲ್ಭಾಗ ಹೈಡ್ರೋಜನ್ ಸ್ಫೋಟದಲ್ಲಿ ಹಾರಿಹೋಯಿತು. ಅಗ್ನಿಶಾಮಕ ವಾಹನದಿಂದ ಹಾಕಿದ ನೀರಿನಲ್ಲಿ ಎಷ್ಟೋ ಪಾಲು ಅಡ್ಡ ಕೊಳವೆಗಳಲ್ಲಿ ನುಸುಳಿ ಬೇರೆ ಕಡೆ ಹೋಗಿತ್ತು ಎಂದು ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ಎರಡು ವರ್ಷದ ಮೇಲೆ ಪತ್ತೆ ಮಾಡಿತು. ಸಮುದ್ರದ ನೀರು ಹಾಕುವುದನ್ನು ನಿಲ್ಲಿಸಿ ಎಂದು ಮೇಲಿನವರು ಹೇಳಿದಾಗ ಯೊಶಿದಾ ಅವರು ಜೋರಾಗಿ ನಿಲ್ಲಿಸಿ ಎಂದು ಹೇಳಿ, ಕೆಲಸದವರಿಗೆ ಗುಟ್ಟಾಗಿ ಮುಂದುವರಿಸಲು ಹೇಳಿದ್ದರು. 2013ರಲ್ಲಿ ಅವರು ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡರು.

ಎರಡನೇ ಯುನಿಟ್ಟಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಐಸಿ ಇರಲಿಲ್ಲ, ರಿಯಾಕ್ಟರಿನ ಆವಿಯಿಂದಲೇ ಓಡುವ ಸಣ್ಣ ಟರ್ಬೈನ್ ಪಂಪ್ ಇತ್ತು, ಆರ್‌ಸಿಐಸಿ ಅನ್ನುತ್ತಾರೆ. ಕರೆಂಟ್ ಹೋಗುವ ಸ್ವಲ್ಪ ಮೊದಲು ಅದನ್ನು ಶುರು ಮಾಡಿದ್ದರು. ಬ್ಯಾಟರಿ ಇಲ್ಲದೆ ಅದರ ವೇಗ ಹಿಡಿತ ತಪ್ಪಬೇಕು, ನಿಲ್ಲಬೇಕು, ಪುಸ್ತಕದ ಪ್ರಕಾರ ಹಾಗೇ. ಅದು ಸುಮಾರು 70 ಗಂಟೆ ಓಡಿತು. ರಿಯಾಕ್ಟರಿಗೆ ನೀರು ಜಾಸ್ತಿ ತುಂಬಿ, ಆವಿಯ ಜೊತೆ ನೀರೂ ಟರ್ಬೈನಿಗೆ ಬಂದು ಅದರ ವೇಗ ಕುಗ್ಗಿ, ಪಂಪು ನಿಧಾನವಾಗಿ, ಮತ್ತೆ ಸರಿಯಾಗಿ, ಹೀಗೆ ತನ್ನಷ್ಟಕ್ಕೇ ಹದ ಹಿಡಿಯಿತು ಎಂಬುದು ಈಗಿನ ವಿವರಣೆ. ಈ ಯಂತ್ರದ ನಿಜವಾದ ತಾಕತ್ತು ಯಾರಿಗೂ ಗೊತ್ತಿರಲಿಲ್ಲ. ಮೂರನೇ ಯುನಿಟ್ಟಿನಲ್ಲಿ ಬ್ಯಾಟರಿ ಉಳಿದಿತ್ತು, ಪಂಪುಗಳು ಓಡಿದವು. 13ನೇ ತಾರೀಖು ನಸುಕಿನಲ್ಲಿ 2:42ಕ್ಕೆ ಆಪರೇಟರುಗಳು ದೊಡ್ಡ ಪಂಪನ್ನು, ಕಡಿಮೆ ಒತ್ತಡದಲ್ಲಿ ಓಡಿ ಒಡೆದೀತೆಂದು, ತಾವೇ ನಿಲ್ಲಿಸಿದರು. ಒತ್ತಡ ಇಳಿದಿದೆ, ಡೀಸೆಲ್ ಪಂಪಿನಿಂದ ನೀರು ಹಾಕೋಣ ಎಂಬ ಲೆಕ್ಕ. ಆದರೆ ಒತ್ತಡ ಬಿಡುವ ವಾಲ್ವ್ ತೆರೆಯಲು ಬ್ಯಾಟರಿಯಲ್ಲಿ ಶಕ್ತಿ ಸಾಲಲಿಲ್ಲ, ಒತ್ತಡ ಸರ್ರನೆ ಏರಿತು, ಸಣ್ಣ ಪಂಪಿನ ನೀರು ಒಳಗೆ ಹೋಗಲೇ ಇಲ್ಲ. ಕೊನೆಗೆ ಕೆಲಸಗಾರರ ಕಾರುಗಳಿಂದ ಬ್ಯಾಟರಿ ಬಿಚ್ಚಿ ತಂದು, ಹತ್ತನ್ನು ಸಾಲಾಗಿ ಜೋಡಿಸಿ 120 ವೋಲ್ಟ್ ಮಾಡಿದರು.

ಅಲ್ಲಿಂದ ದಕ್ಷಿಣಕ್ಕೆ 12 ಕಿಲೋಮೀಟರ್ ದೂರದ ಫುಕುಶಿಮಾ ದೈನಿಯಲ್ಲೂ ನಾಲ್ಕು ಕುದಿಯುವ ನೀರಿನ ರಿಯಾಕ್ಟರ್‌ಗಳಿದ್ದವು. ಅಲ್ಲೂ ಸುನಾಮಿ ಬಂತು, ಮೂರು ಯುನಿಟ್ಟುಗಳಲ್ಲಿ ಸಮುದ್ರಕ್ಕೆ ಶಾಖ ಬಿಡುವ ಪಂಪುಗಳು ಹಾಳಾದವು. ಆದರೆ ಹೊರಗಿನ ಒಂದು ವಿದ್ಯುತ್ ಲೈನ್ ಉಳಿದಿತ್ತು, ಕಂಟ್ರೋಲ್ ರೂಮಿನಲ್ಲಿ ಮಾಪಕಗಳು ಕಾಣುತ್ತಿದ್ದವು. ಅಲ್ಲಿಯ ಮುಖ್ಯಸ್ಥ ಮಸುದಾ ನಾವೊಹಿರೊ ಅವರ ನಾಯಕತ್ವದಲ್ಲಿ ಸುಮಾರು 200 ಜನ ಸೇರಿ 9 ಕಿಲೋಮೀಟರ್ ದಪ್ಪ ಕೇಬಲ್ಲನ್ನು ಕೈಯಲ್ಲಿ ಎಳೆದು ಹಾಸಿದರು. ಒಂದೊಂದು ತುಂಡೂ ಸುಮಾರು ಒಂದು ಟನ್ ತೂಕ. ಮಾರ್ಚ್ 15ರ ಬೆಳಿಗ್ಗೆ ನಾಲ್ಕನೆಯದೂ ತಣ್ಣಗಾಯಿತು. ಇಂಧನಕ್ಕೆ ಏನೂ ಆಗಲಿಲ್ಲ. ಈ ಕಥೆ ಯಾಕೆ ಇಷ್ಟು ಕಡಿಮೆ ಜನಕ್ಕೆ ಗೊತ್ತು ಅಂತ ನನಗೆ ಬೇಜಾರು.

ನಮ್ಮಲ್ಲಿ ಕುದಿಯುವ ನೀರಿನ ರಿಯಾಕ್ಟರ್ ಇರುವುದು ಮಹಾರಾಷ್ಟ್ರದ ತಾರಾಪುರದಲ್ಲಿ ಮಾತ್ರ, 1969ರಿಂದ, ಎರಡು. ಅವೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ವಿನ್ಯಾಸ, ಅಲ್ಲೂ ಇಂಥದ್ದೇ ಕಂಡೆನ್ಸರ್ ಇದೆ. ಕನ್ನಡಿಗರು ಅಣು ಸ್ಥಾವರ ಅಂದರೆ ಕೈಗಾ ನೆನೆಯುತ್ತಾರೆ, ಅದು ಭಾರಜಲದ ರಿಯಾಕ್ಟರ್, ಅಲ್ಲಿಯ ತುರ್ತು ತಂಪಿನ ದಾರಿ ಬೇರೆ. ಆ ಜಾತಿಯ ರಿಯಾಕ್ಟರಿಗೆ ನಮ್ಮಲ್ಲೇ ಒಂದು ಕಠಿಣ ಪರೀಕ್ಷೆ ಆಗಿದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಕಟ್ಟಡಕ್ಕೆ ಬೆಂಕಿ ಬಿದ್ದು, ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ ಇರಲಿಲ್ಲ. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ, ಅಂದರೆ ರಿಯಾಕ್ಟರಿನ ಶಾಖದಿಂದ ಬೇರೆ ನೀರನ್ನು ಆವಿ ಮಾಡುವ ಪಾತ್ರೆಗೆ, ನೀರು ಹಾಕಿ ಆಪರೇಟರುಗಳು ರಿಯಾಕ್ಟರನ್ನು ಉಳಿಸಿದರು. ಒಳಗಿನ ನೀರು ಪಂಪಿಲ್ಲದೆ ತಾನೇ ಸುತ್ತಿತು. ಫುಕುಶಿಮಾದ ನಂತರ ನಮ್ಮ ಎಲ್ಲ ಸ್ಥಾವರಗಳಲ್ಲೂ ಹೊರಗಿನಿಂದ ಪೈಪ್ ಸಿಕ್ಕಿಸಿ ನೀರು ಹಾಕುವ ವ್ಯವಸ್ಥೆ ಮಾಡಿದ್ದಾರೆ. ಬಹಳ ಒಳ್ಳೆಯ ಕೆಲಸ.

ಹೊಸ ತಲೆಮಾರಿನ ಕುದಿಯುವ ನೀರಿನ ರಿಯಾಕ್ಟರ್‌ಗಳು ಐಸಿಗೇ ಮರಳಿವೆ. ಕೆನಡಾದ ಡಾರ್ಲಿಂಗ್ಟನ್‌ನಲ್ಲಿ 2025ರಲ್ಲಿ ಕಟ್ಟಲು ಅನುಮತಿ ಸಿಕ್ಕ ಬಿಡಬ್ಲ್ಯೂಆರ್‌ಎಕ್ಸ್-300 ಎಂಬ ರಿಯಾಕ್ಟರಿನಲ್ಲಿ ಮುಖ್ಯ ತುರ್ತು ತಂಪು ಅದೇ, ಏಳು ದಿನಕ್ಕೆ ಸಾಕಾಗುವ ನೀರಿನ ಜೊತೆ. ಈ ಸಲ ನೀರು ವಾಪಸ್ಸು ಬರುವ ದಾರಿಯ ವಾಲ್ವ್ ಕರೆಂಟ್ ಹೋದರೆ ತೆರೆದುಕೊಳ್ಳುವ ಹಾಗೆ ಮಾಡಿದ್ದಾರೆ. ಹೈಡ್ರೋಜನ್ನಿನಂಥ ಅನಿಲ ಕೊಳವೆಯಲ್ಲಿ ಕೂರದ ಹಾಗೆ ನೋಡಿಕೊಳ್ಳುವುದು ಅದರ ವಿನ್ಯಾಸಕಾರರ ದೊಡ್ಡ ಚಿಂತೆಗಳಲ್ಲಿ ಒಂದು. ಇವೆಲ್ಲ ನನಗೆ ಸಂತೋಷ ಕೊಡುತ್ತವೆ. ನನಗೆ ಬೇಕಾದದ್ದು ಇನ್ನೊಂದೇ. ಇಂಥ ಸ್ಥಾವರ ಎಲ್ಲೇ ಇರಲಿ, ಹೊಸದಾಗಿ ಬಂದ ಪ್ರತಿಯೊಬ್ಬ ಆಪರೇಟರನನ್ನೂ ಐಸಿ ನಿಜವಾದ ಆವಿಯಲ್ಲಿ ಓಡುವ ದಿನ ಕಟ್ಟಡದ ಹೊರಗೆ ನಿಲ್ಲಿಸಿ ಆ ಸದ್ದು ಕೇಳಿಸಬೇಕು, ಆಮೇಲೆ ಕಂಟ್ರೋಲ್ ರೂಮಿನಲ್ಲಿ ಕೂರಿಸಬೇಕು. ಅದಕ್ಕೆ ಒಂದು ದಿನದ ವಿದ್ಯುತ್ ಉತ್ಪಾದನೆ ನಷ್ಟವಾಗಬಹುದು. ಆಗಲಿ.